ಟಾರ್ಜಾನಾದ ಹಿಪ್ಪುನೇರಳೆ ಮರ

ಅಮೆರಿಕದಲ್ಲಿರೋ ಅಕ್ಕನ ಮನೆಗೆ ಟಿಕೆಟ್ ಬುಕ್ ಮಾಡಿದಾಗ ನನಗೆ ಕೆಲಸ ಇತ್ತು. ವಿಮಾನ ಹತ್ತುವಷ್ಟರಲ್ಲಿ ಇರಲಿಲ್ಲ. ವಯಸ್ಸು 35, ತಲೆ ಮೇಲೆ ಹೋಮ್ ಲೋನ್. ಊರಲ್ಲಿ ಅಪ್ಪನಿಗೆ ವಿಷಯ ಹೇಳಿರಲಿಲ್ಲ. ಮೂರು ದಿನ ಸೋಫಾ ಬಿಟ್ಟು ಏಳದ ನನ್ನನ್ನು ನೋಡಿ ಭಾವ, "ನಡಿಯಪ್ಪ, ಒಂದು ಜಾಗ ತೋರಿಸ್ತೀನಿ" ಅಂತ ಕಾರು ಹತ್ತಿಸಿದರು.

ಲಾಸ್ ಏಂಜಲಿಸ್‌ನಲ್ಲಿ ಟಾರ್ಜಾನಾ ಅಂತ ಒಂದು ಬಡಾವಣೆ ಇದೆ. ಹೌದು, ನಮ್ಮ ಕಾಡಿನ ಟಾರ್ಜನ್ ಹೆಸರೇ! ಅಲ್ಲಿನ ವೆಂಚುರಾ ಬುಲೆವಾರ್ಡ್ ಉದ್ದಕ್ಕೂ ಅಂಗಡಿಗಳು, ವಾಹನಗಳ ಗದ್ದಲ. ನಡುವೆ ಮರದ ಮರೆಯಲ್ಲಿ ಒಂದು ಪುಟ್ಟ ಹಳೇ ಕಟ್ಟಡ. ಟಾರ್ಜನ್ನನ್ನು ಸೃಷ್ಟಿಸಿದ ಎಡ್ಗರ್ ರೈಸ್ ಬರೋಸ್ 1927ರಲ್ಲಿ ಕಟ್ಟಿಸಿದ ಕಚೇರಿ.

"ಈ ಮನುಷ್ಯನೂ ನಿನ್ನ ವಯಸ್ಸಲ್ಲಿ ಕೈ ಖಾಲಿ ಮಾಡ್ಕೊಂಡು ಕೂತಿದ್ದ, ಗೊತ್ತಾ?" ಅಂದರು ಭಾವ.

1875ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಬರೋಸ್ ಮಾಡದ ಕೆಲಸವಿಲ್ಲ. ದನ ಕಾದರು, ಅಶ್ವದಳ ಸೇರಿದರು, ಚಿನ್ನ ಹುಡುಕಿದರು, ರೈಲ್ವೆ ಪೊಲೀಸಾದರು. ಯಾವುದೂ ಕೈ ಹಿಡಿಯಲಿಲ್ಲ. 1911ರಲ್ಲಿ ಪೆನ್ಸಿಲ್ ಶಾರ್ಪನರ್ ಮಾರಿಸುವ ವ್ಯವಹಾರ. ಇಬ್ಬರು ಚಿಕ್ಕ ಮಕ್ಕಳು. ಹೆಂಡತಿಯ ಒಡವೆ ಗಿರವಿಗೆ ಹೋಗಿತ್ತು. ಜಾಹೀರಾತು ಬಂದಿದೆಯಾ ಅಂತ ಅಗ್ಗದ ಕಾಗದದ 'ಪಲ್ಪ್' ಪತ್ರಿಕೆಗಳನ್ನು ತಿರುವುತ್ತಿದ್ದವರು, ಇಂಥ ಕಳಪೆ ಕಥೆ ನಾನೂ ಬರೀಬಹುದಲ್ಲ ಅಂದುಕೊಂಡರು. ಮುಳುಗಿದ ವ್ಯಾಪಾರಗಳ ಲೆಟರ್‌ಹೆಡ್‌ಗಳ ಹಿಂಬದಿಯಲ್ಲೇ ಮಂಗಳ ಗ್ರಹದ ಸಾಹಸ ಕಥೆ ಬರೆದರು.

ಆದರೆ ಬರೆಯೋದು ಅವರಿಗೆ ನಾಚಿಕೆಯ ವಿಷಯವಾಗಿತ್ತು. ಜನ ಹುಚ್ಚ ಅಂದುಕೊಂಡಾರು ಅಂತ, ತಲೆ ನೆಟ್ಟಗಿದೆ ಎಂಬರ್ಥದಲ್ಲಿ 'ನಾರ್ಮಲ್ ಬೀನ್' ಎಂದು ಹೆಸರಿಟ್ಟುಕೊಂಡರು. ಅಚ್ಚಿನಲ್ಲಿ ಅದೂ 'ನಾರ್ಮನ್' ಆಯಿತು! ಸಿಕ್ಕ ಸಂಭಾವನೆ 400 ಡಾಲರ್. 1912ರಲ್ಲಿ 'ಆಲ್-ಸ್ಟೋರಿ' ಪತ್ರಿಕೆಯಲ್ಲಿ ಅದು ಧಾರಾವಾಹಿಯಾಯಿತು. ಎರಡನೇ ಕಾದಂಬರಿ ತಿರಸ್ಕೃತವಾಯಿತು. ಮೂರನೆಯದೇ ಟಾರ್ಜನ್, ಈ ಸಲ ಸ್ವಂತ ಹೆಸರಲ್ಲಿ.

1919ರಲ್ಲಿ ಇಲ್ಲಿ 500 ಎಕರೆಗೂ ಹೆಚ್ಚು ಜಮೀನು ಕೊಂಡು ಟಾರ್ಜಾನಾ ಅಂತ ಕರೆದರು. ಆ ಹೆಸರೇ ಊರಿಗೂ ಅಂಟಿತು. ಆಫ್ರಿಕಾ ಬಗ್ಗೆ ಅವರು ಬರೆದದ್ದರಲ್ಲಿ ಕಪ್ಪು ಜನರ ಚಿತ್ರಣ ಇವತ್ತು ಓದಿದರೆ ಮುಜುಗರವಾಗುತ್ತೆ, ಅದೂ ನಿಜ.

ಬರೋಸ್ 1950ರಲ್ಲಿ ತೀರಿಕೊಂಡಾಗ ಚಿತಾಭಸ್ಮವನ್ನು ಕಚೇರಿ ಮುಂದಿನ ಹಿಪ್ಪುನೇರಳೆ ಮರದ ಬುಡದಲ್ಲಿ ಹೂತರು. ರಾಮನಗರದ ಕಡೆಯವನಾದ ನನಗೆ ಹಿಪ್ಪುನೇರಳೆ ಅಂದರೆ ರೇಷ್ಮೆಹುಳಕ್ಕೆ ಸೊಪ್ಪು ಕೊಯ್ಯುವ ಅಪ್ಪನೇ ನೆನಪು.

ಅವತ್ತು ರಾತ್ರಿ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಊಟ ಆಯ್ತೇನಪ್ಪ?" ಅಂದರು ಆಮೇಲೆ.