ಹೆಸರು ಅಳಿಸಿತು, ಹಾಡು ನಿಲ್ಲಲಿಲ್ಲ

ಕಳೆದ ಆಟಿ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಶಾಲೆಯ ಕಚೇರಿಯಲ್ಲಿ ಕುಳಿತು, ನನ್ನ ತಾಯಿಯ ಧ್ವನಿಯನ್ನು ನಾನು ಕೈಯಾರೆ ಅಳಿಸಿಹಾಕಿದೆ. ಮುಂದೆ ನಡೆದುದು ನನಗಂತೂ ವಿಚಿತ್ರವೆನಿಸಿತು. ಓದುಗ ಬಂಧುಗಳ ಮನೆಗಳಲ್ಲಿಯೂ ಹಿರಿಯರ ಧ್ವನಿಗಳು ಗಣಕಯಂತ್ರದೊಳಗೆ ಸೇರಿರಬಹುದಾದುದರಿಂದ ಅದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

1988ರಲ್ಲಿ ನಮ್ಮ ಅಕ್ಕನ ಮದುವೆಯಾಯಿತು. ಸೋದರಮಾವ ಮುಂಬಯಿಯಿಂದ ತಂದಿದ್ದ ಟೇಪ್ ರೆಕಾರ್ಡರನ್ನು ಚಪ್ಪರದ ಕಂಬದ ಬುಡದಲ್ಲಿಟ್ಟು ಅಮ್ಮನ ಶೋಭಾನೆ ಹಾಡನ್ನು ಹಿಡಿದಿದ್ದರು. ಎಂಟು ನಿಮಿಷದ ಹಾಡು. ನಡುವೆ ಅಮ್ಮ ಒಂದು ಸಾಲು ಮರೆತು ನಗುತ್ತಾರೆ; ಯಾರೋ ಹೆಂಗಸರು ಹಿಂದಿನಿಂದ ಎತ್ತಿಕೊಡುತ್ತಾರೆ. ಅಮ್ಮ 2009ರಲ್ಲಿ ತೀರಿಕೊಂಡರು. ನಮ್ಮ ಕಾಸರಗೋಡಿನ ಮಳೆಗೆ ಬೂಸಲು ಹಿಡಿದ ಆ ಕ್ಯಾಸೆಟ್ಟನ್ನು ಬಹಳ ಕಷ್ಟದಿಂದ ಎರಡು ಸಲ ಓಡಿಸಿ ಗಣಕಯಂತ್ರಕ್ಕೆ ಇಳಿಸಿದೆ. ಎರಡನೆಯ ಸಲ ಓಡಿ ಮುಗಿದೊಡನೆ ಸುರುಳಿ ತುಂಡಾಯಿತು. ಮೊದಲ ಸಲದ್ದರಲ್ಲಿ ಬರಿಯ ಗುಂಯ್‌ಗುಟ್ಟುವ ಸದ್ದು, ಎರಡನೆಯದು ಸ್ವಚ್ಛವಾಗಿತ್ತು. ನಿಮಿಷಕ್ಕೆ ಸುಮಾರು 10 ಮೆಗಾಬೈಟಿನಂತೆ ಎರಡೂ ಶಾಲೆಯ ಯಂತ್ರದಲ್ಲಿ ಜಾಗ ಹಿಡಿದಿದ್ದವು. ಶಾಲೆಯ ಯಂತ್ರದಲ್ಲಿ ಸ್ವಂತದ ವಸ್ತುವನ್ನಿಟ್ಟುದು ತಪ್ಪೇ. ಅದನ್ನು ತೆರವು ಮಾಡಲೆಂದೇ ಅಂದು ಕುಳಿತದ್ದು.

ಒಳ್ಳೆಯ ಪ್ರತಿಯನ್ನು ವಿ.ಎಲ್.ಸಿ.ಯಲ್ಲಿ ಹಾಡಲು ಬಿಟ್ಟು, ಕೆಟ್ಟದ್ದನ್ನು ಅಳಿಸಹೊರಟೆ. ‘ಟೇಪ್-3’, ‘ಟೇಪ್-3-ಬಿ’ ಎಂಬ ಹೆಸರುಗಳು. ಬುಟ್ಟಿಗೂ ಹೋಗದಂತೆ ಶಿಫ್ಟ್ ಒತ್ತಿ ಅಳಿಸಿದೆ. ಯಂತ್ರ ಒಂದು ಪ್ರಶ್ನೆಯನ್ನೂ ಕೇಳಿತು. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿರೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ನಾನು ಓದದೆಯೇ ಹೌದೆಂದೆ. ಹಾಡು ನಡೆದೇ ಇತ್ತು. ಹಾಗಾಗಿ ಸರಿಯಾದುದನ್ನೇ ಅಳಿಸಿದೆನೆಂದು ನಂಬಿದೆ. ಮತ್ತೆ ನೋಡಿದರೆ ಉಳಿದಿರುವುದು ಗುಂಯ್‌ಗುಟ್ಟುವ ಪ್ರತಿ! ಗಾಬರಿಯಿಂದ ಆ ವಿ.ಎಲ್.ಸಿ.ಯನ್ನು ಮುಚ್ಚಲು ಕೈ ನೀಡಿದಾಗ, ಎದುರಿನ ಮೇಜಿನಲ್ಲಿ ಅಂಕಪಟ್ಟಿ ಬರೆಯುತ್ತಿದ್ದ ಗಣಿತದ ಟೀಚರು ಎದ್ದು ಬಂದರು.

“ಮಾಷ್ಟ್ರೇ, ಮುಚ್ಚಬೇಡಿ. ಸುಮ್ಮನೆ ತಡೆದು ನಿಲ್ಲಿಸಿ, ಸಾಕು.”

ಹಾಡು ಮುಗಿಯಲು ಎರಡು ನಿಮಿಷವೂ ಇರಲಿಲ್ಲ. ತಡೆಗುಂಡಿ ಒತ್ತಿದೆ. ಅಮ್ಮ ಅರ್ಧ ಪದದಲ್ಲಿ ನಿಂತರು.

ಟೀಚರು ವಿವರಿಸಿದುದನ್ನು ನನ್ನ ಕಸುಬಿನ ಮಾತಿನಲ್ಲಿ ಹೇಳುತ್ತೇನೆ. ಕಡತದ ಹೆಸರು ಬೇರೆ, ಕಡತ ಬೇರೆ. ಹೆಸರೆಂಬುದು ಹಾಜರಿ ಪುಸ್ತಕದ ಒಂದು ಸಾಲು. ಮಗು ಕುಳಿತಿರುವುದು ಬೆಂಚಿನ ಮೇಲೆ. ಅಳಿಸೆಂದರೆ ಯಂತ್ರ ಮೊದಲು ಸಾಲನ್ನಷ್ಟೇ ಹೊಡೆದುಹಾಕುತ್ತದೆ. ಯಾವುದಾದರೂ ಕಾರ್ಯಕ್ರಮ ಆ ಕಡತವನ್ನು ತೆರೆದು ಹಿಡಿದಿದ್ದರೆ, ಅದು ಕೈಬಿಡುವ ತನಕ ಬೆಂಚು ಖಾಲಿಯಾಗುವುದಿಲ್ಲ, ಡಿಸ್ಕಿನ ಜಾಗವೂ ಬಿಡುಗಡೆಯಾಗುವುದಿಲ್ಲ. ವಿ.ಎಲ್.ಸಿ. ಹಾಡಿನ ಆರಂಭದಲ್ಲಿ ಹೆಸರು ಹಿಡಿದು ಕಡತವನ್ನು ತೆರೆಯುತ್ತದೆ. ಆಮೇಲೆ ಅದಕ್ಕೆ ಹೆಸರಿನ ಹಂಗಿಲ್ಲ. ತಡೆದು ನಿಲ್ಲಿಸಿದರೂ ಹಿಡಿತ ಬಿಡದು. ಮುಚ್ಚಿದರೆ, ಅಥವಾ ಹಾಡು ಕೊನೆಮುಟ್ಟಿದರೆ, ಬಿಟ್ಟೀತು. ಮತ್ತೊಮ್ಮೆ ಹಾಡೆಂದರೆ ಹೆಸರನ್ನು ಹುಡುಕಹೋಗಿ ಕೈಚೆಲ್ಲುವುದು.

ಇದು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸಿನ ಸಂಪ್ರದಾಯ. ಅದರ ಜಾಡಿನಲ್ಲಿ ಬಂದ ಲಿನಕ್ಸ್ ನಮ್ಮ ಕೇರಳದ ಶಾಲೆಗಳಲ್ಲಿದೆ. ವಿಂಡೋಸ್ ಆಗಿದ್ದರೆ, ಕಡತ ಬಳಕೆಯಲ್ಲಿದೆಯೆಂದು ಹೇಳಿ ಸಾಮಾನ್ಯವಾಗಿ ಅಳಿಸಲು ಒಪ್ಪುವುದೇ ಇಲ್ಲ. ಮಗು ಪರೀಕ್ಷೆ ಬರೆಯುತ್ತಿರುವಾಗ ವರ್ಗಾವಣೆ ಪತ್ರ ಕೊಡಲಾಗದೆನ್ನುವ ಗುಮಾಸ್ತನ ಹಾಗೆ. ಅಂದು ಆ ಗುಮಾಸ್ತನೇ ಇರಬಾರದಿತ್ತೇ ಎಂದು ನನಗೆ ಅನಿಸಿದ್ದು ನಿಜ. ಆದರೆ ಪೆನ್ ಡ್ರೈವಿನಿಂದ ಹಾಡಿಸುತ್ತಾ ಅದನ್ನೇ ಕಿತ್ತರೆ ಯಾವ ಸಂಪ್ರದಾಯವೂ ಕಾಯದು. ಬೆಂಚನ್ನೇ ಹೊರಗೆ ಸಾಗಿಸಿದ ಹಾಗಾಯಿತಲ್ಲ!

ಟೀಚರು ಟರ್ಮಿನಲ್ಲಿನ ಕಪ್ಪು ಕಿಟಕಿಯನ್ನು ತೆರೆದು ಏನೋ ಬರೆದರು. ವಿ.ಎಲ್.ಸಿ. ಹಿಡಿದುಕೊಂಡಿರುವ ಕಡತಗಳೆಲ್ಲ ಸಂಖ್ಯೆಗಳಾಗಿ ಸಾಲುಗಟ್ಟಿ ಬಂದವು. ಒಂದು ಸಾಲಿನ ಕೊನೆಗೆ ‘ಡಿಲೀಟೆಡ್’ ಎಂದಿತ್ತು. ‘ಪ್ರೊಕ್’ ಎಂಬ ಕೋಶದ ಮೂಲಕ ಆ ಸಂಖ್ಯೆಯನ್ನೇ ಹಿಡಿದು ಪ್ರತಿ ತೆಗೆಯಲು ಸಾಧ್ಯವಂತೆ. ಹೊರಗೆ ಮಳೆ ಸುರಿಯುತ್ತಿತ್ತು. ವಿದ್ಯುತ್ತು ಹೋದೀತೆಂದು ನಾನು ಬ್ಯಾಟರಿಯ ಗುರುತನ್ನೇ ನೋಡುತ್ತಾ ನಿಂತಿದ್ದೆ.

“ಹೊಸ ಹೆಸರು ಏನು ಕೊಡಲಿ, ಮಾಷ್ಟ್ರೇ?”

ಟೇಪ್-3 ಎನ್ನಲು ನಾಲಿಗೆ ಹೊರಳಲಿಲ್ಲ. “ಅಕ್ಕನ ಮದುವೆ 1988, ಅಮ್ಮ ಎಂದು ಬರೆಯಿರಿ” ಎಂದೆ. ಬರೆದು, ಪ್ರತಿ ತೆಗೆದು, ಹೊಸ ಕಡತವನ್ನು ಮೊದಲಿನಿಂದ ಹಾಡಿಸಿದರು. ಅಮ್ಮ ಸಾಲು ಮರೆತು ನಗುವಲ್ಲಿಗೆ ಬಂದಾಗ ಟೀಚರಿಗೂ ನಗು ಬಂತು. ಆಮೇಲೆ ಹಳೆಯದನ್ನು ಮುಚ್ಚಿದೆವು. ಸೋಮವಾರ ಎರಡು ಪೆನ್ ಡ್ರೈವ್ ಕೊಂಡು, ಒಂದನ್ನು ವಿಟ್ಲದಲ್ಲಿರುವ ಅಕ್ಕನಿಗೆ ಕಳುಹಿಸಿದೆ.