ಕಿವಿರಿಗೆ ಕಾಣದ್ದು

ಶಿರಾಡಿ ಘಾಟಿ ಹತ್ತಿ ಮಂಗಳೂರಿನ ಮೀನು ನಮ್ಮ ಆನೇಮಹಲ್ ತಲಪುವಷ್ಟರಲ್ಲಿ ಐಸು ಅರ್ಧ ನೀರಾಗಿರುತ್ತದೆ. ಬಂಗುಡೆಯ ಕಿವಿರು ಎತ್ತಿ, ಕೆಂಪಗಿದ್ದರಷ್ಟೇ ಕೊಳ್ಳುವುದು ನಮ್ಮ ಮನೆಯವಳ ಪದ್ಧತಿ. ಹಳಸಿದ ಮೀನೇನೋ ಸಿಕ್ಕಿಬೀಳುತ್ತದೆ. ಆದರೆ ವಿಬ್ರಿಯೊ ಪ್ಯಾರಾಹೀಮೋಲಿಟಿಕಸ್ ಎಂಬ ಕಡಲ ಬ್ಯಾಕ್ಟೀರಿಯಾ ಬಣ್ಣದಲ್ಲೂ ವಾಸನೆಯಲ್ಲೂ ಗುಟ್ಟು ಬಿಡುವುದಿಲ್ಲ. ಹೊಟ್ಟೆಗೆ ಹೋದ ಮೇಲೆಯೇ ಅದರ ಪ್ರತಾಪ.

ಹಾಗೆಂದು ಎಲ್ಲ ವಿಬ್ರಿಯೊವೂ ಕೇಡಿಯಲ್ಲ. ಕಾಯಿಲೆ ತರುವ ಬಹುಪಾಲು ತಳಿಗಳಲ್ಲಿ ವಿಷದ ಜೀನ್ ಇರುತ್ತದೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪಿ.ಸಿ.ಆರ್. ವಿಧಾನ ಹುಡುಕುವುದು ಆ ಜೀನನ್ನೇ. ಸುತ್ತಿಗೊಮ್ಮೆ ಇಮ್ಮಡಿಯಾದರೆ, 30 ಸುತ್ತಿಗೆ ಒಂದು ತುಣುಕು ನೂರು ಕೋಟಿ! ತಟ್ಟೆಯಲ್ಲಿ ಬೆಳೆಸಿ ಗುರುತಿಸಲು ದಿನಗಟ್ಟಲೆ ಕಾಯಬೇಕು.

ಬುಟ್ಟಿಯ ಬಂಗುಡೆಗೆ ಆ ಭಾಗ್ಯವೆಲ್ಲಿ? ಚೆನ್ನಾಗಿ ಬೇಯಿಸಿದರೆ ಅದು ಸಾಯುತ್ತದೆ. ಮೀನು ಕೊಯ್ದ ಚಾಕುವಿನಲ್ಲೇ ಸೌತೆಕಾಯಿ ಹೆಚ್ಚಬಾರದು, ಅಷ್ಟೆ.