ತುಂಬಿ ಬರೂ ಬಾಟ್ಲಿ

ಸಂಜೀಕೆ ಮಗಳ ಊಟದ ಚೀಲ ಬಿಚ್ಚೂದು ನನ್ನ ಕೆಲಸ. ಡಬ್ಬಿ ಖಾಲಿ ಆಗೇತೇನು, ಚಮಚ ವಾಪಸ್ ಬಂದೈತೇನು, ಇಷ್ಟ ನೋಡಾಕಿ ನಾನು. ನೀರಿನ ಬಾಟ್ಲಿ ಕಡೆ ಲಕ್ಷ್ಯ ಇರಲಿಲ್ಲ. ಜುಲೈದಾಗ ಒಂದಿನ ಎತ್ತಿದ್ರ ಭಾರ ಹತ್ತು. ಮುಂಜಾನೆ ತುಂಬಿ ಕಳಿಸಿದ್ದು ಹಂಗ ಬಂದಿತ್ತು. ಮರುದಿನಾನೂ ಹಂಗ. ಕೇಳಿದ್ರ "ನೀರಡಿಕಿ ಆಗಲಿಲ್ಲ ಮಮ್ಮಿ" ಅಂದ್ಲು. ಮಳಿಗಾಲ ಐತಿ, ಇರಬಹುದು ಅಂತ ನಾನೂ ಸುಮ್ಮನಾದೆ.

ಮುಂದಿನ ವಾರ ಜ್ವರ ಬಂತು, ಉರಿಮೂತ್ರ. ಡಾಕ್ಟರಬಾಯಾರು ಗುಳಗಿ ಬರದು, "ಸಾಲ್ಯಾಗ ತಡಕೊಂಡು ಕುಂಡ್ರತಿಯೇನವಾ?" ಅಂತ ಕೇಳಿದಾಗ ಹುಡುಗಿ ಅಳಾಕ ಸುರು ಮಾಡಿದ್ಲು.

ಆಗ ಹೊರಗ ಬಂತು ನೋಡ್ರಿ. ಕ್ಲಾಸ್ ನಡದಾಗ ಯಾರೂ ಹೊರಗ ಹೋಗಬಾರದು ಅಂತ ಸಾಲ್ಯಾಗ ಹೊಸ ನಿಯಮ. ಹೋಗಾಕ ಬೇಕಂದ್ರ ಡೈರಿಯೊಳಗ ಬರಸ್ಕೊಂಡು ಹೋಗಬೇಕು, ಮೂರು ಸಲ ಆದ್ರ ತಂದಿ-ತಾಯಿನ್ನ ಕರಸ್ತಾರ. ಕಟ್ಟಡದ ಹಿಂದ ತಿರಗ್ಯಾಡೂ ನಾಕು ಹುಡುಗ್ರ ಸಲುವಾಗಿ ಮಾಡಿದ್ದಂತ ಇದು! ಹೈಸ್ಕೂಲಿನ್ಯಾಗ ಹುಡುಗ್ಯಾರು 120 ಮಂದಿ. ಶೌಚಾಲಯ ನಾಕು, ಅದರಾಗ ಎರಡಕ್ಕ ಚಿಲಕ ಇಲ್ಲ. ಸಣ್ಣ ಬಿಡುವು 10 ನಿಮಿಷ. ಒಬ್ಬೊಬ್ಬಾಕಿ ಒಂದ ನಿಮಿಷದಾಗ ಬಂದ್ರೂ 20 ಮಂದಿದ ಮುಗೀತು. ಉಳದ ನೂರು ಮಂದಿ? ನೀರು ಕುಡಿಯೂದ ಬಿಟ್ಟಾರ. ಮುಟ್ಟಿನ ದಿನ ಸಾಲೀನ ತಪ್ಪಸ್ತಾರ. ನಮ್ಮಾಕಿ ತಿಂಗಳಿಗೆ ಎರಡು ದಿನ ಹೊಟ್ಟಿನೋವು ಅಂತ ಮಲಗೂದು ಯಾಕ ಅಂತ ನನಗ ಆವತ್ತ ತಿಳೀತು.

ನನಗ ಸಿಟ್ಟು ನೆತ್ತಿಗೇರಿತು. ನಾಳೆನ ಹೋಗಿ ಕೇಳ್ತೀನಿ ಅಂದೆ. "ನೀ ಬರಬ್ಯಾಡ, ನಾನ ಅರ್ಜಿ ಕೊಡ್ತೀನಿ" ಅಂದ್ಲು. ಅಲ್ಲಿಗೆ ನನ್ನ ಸಿಟ್ಟು ಇಳದು ಅಂಜಿಕಿ ಬಂತು. ಎಸ್‌ಎಸ್‌ಎಲ್‌ಸಿ ವರ್ಷ. ಒಂದೊಂದು ವಿಷಯದಾಗ ಆಂತರಿಕ ಅಂಕ ಅವರ ಕೈಯಾಗ. "ಇನ್ನೆಷ್ಟು ತಿಂಗಳು, ಕಳದುಬಿಡು" ಅಂತ ನನ್ನ ಬಾಯಿಂದನ ಬಂತ್ರಿ. ಆಕಿ ನನ್ನ ಮಾರಿ ನೋಡಿ ಎದ್ದು ಹ್ವಾದ್ಲು.

ಒಳಗ ಕುಂತು ಸೊಪ್ಪು ಸೋಸ್ತಿದ್ದ ಅತ್ತಿಯವರು ಎಲ್ಲಾ ಕೇಳಸ್ಕೊಂಡಿದ್ರು. "ನಮಗ ಬಯಲ ಗತಿ ಇತ್ತು. ಹೊತ್ತು ಮುಳಗೂತನ ತಡಕೊಂಡಿರತಿದ್ವಿ. ಕಟ್ಟಿಸಿಟ್ಟ ಮ್ಯಾಲೂ ತಡಕೋಬೇಕಂದ್ರ ಅದ್ಯಾಕ ಕಟ್ಟಿಸಬೇಕಿತ್ತು?" ಅಂದ್ರು. ನನ್ನ ಕಡೆ ನೋಡಲೇ ಇಲ್ಲ.

ಮೂರು ದಿನ ಆಕಿ ಬರದ್ಲು, ಹರದ್ಲು. ನಿಯಮ ತಗೀರಿ ಅಂತ ಬರದಿದ್ದನ್ನ ಆಕೀನ ಹೊಡದು ಹಾಕಿದ್ಲು, ತಗಿಯಂಗಿಲ್ಲ ಅಂತ ಆಕಿಗೂ ಗೊತ್ತು. ಕಡೀಕೆ ಉಳದಿದ್ದು ಮೂರು ಮಾತು: ಒಬ್ಬೊಬ್ಬರಿಗೆ ಹೋಗಾಕ ಕ್ಲಾಸಿಗೊಂದು ಪಾಸ್ ಇಡ್ರಿ, ಚಿಲಕ ಹಾಕಸ್ರಿ, ನೀರಿನ ಗಂಟಿ ಬಾರಸ್ರಿ. ನೀರಿನ ಗಂಟಿ ಅಂದ್ರ, ಮಕ್ಕಳು ನೀರು ಕುಡೀಲಿ ಅಂತನ ಬಾರಸೂ ಗಂಟಿ. 2019ರಾಗ ಕೇರಳದ ಸಾಲ್ಯಾಗ ಸುರು ಆಗಿ, ನಮ್ಮ ರಾಜ್ಯದಾಗೂ ಮಾಡೂಣಂತ ಆಗಿನ ಶಿಕ್ಷಣ ಮಂತ್ರಿ ಸುರೇಶಕುಮಾರ ಹೇಳಿದ್ರು. ಹುಡುಗ-ಹುಡುಗ್ಯಾರಿಗೆ ಬ್ಯಾರೆ ಬ್ಯಾರೆ ಶೌಚಾಲಯ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೊಳಗ ಐತಿ, ಅದನ್ನೂ ಸೇರಿಸ್ಲೇನು ಅಂತ ಕೇಳಿದ್ಲು. ಕಾಯ್ದೆ ಹೆಸರು ತಗದ್ರ ಜಗಳಕ್ಕ ಬಂದಂಗ ಆಗತೈತಿ, ಮೊದಲನೇ ಪತ್ರದಾಗ ಬ್ಯಾಡ ಅಂದೆ. ಅದೊಂದು ನನ್ನ ಮಾತು ಕೇಳಿದ್ಲು.

ಗೆಳತ್ಯಾರು ಆರು ಮಂದಿ ಹೂಂ ಅಂದಿದ್ರು, ಸಹಿ ಮಾಡೂ ಹೊತ್ತಿಗೆ ಇಬ್ಬರು ಉಳದ್ರು. ಉಳದವ್ರ ಮ್ಯಾಲೆ ಸಿಟ್ಟು ಬಂತೇನು ಅಂತ ಕೇಳಿದ್ರ, "ಅವ್ರ ಮನ್ಯಾಗೂ ನಿನ್ನಂಗ ಹೇಳಿರ್ತಾರ ಬಿಡು" ಅಂದ್ಲು. ನುಂಗಿಕೊಂಡೆ.

ಸೋಮವಾರ ಕೊಟ್ಟು ಬಂದಾಳ. ದೊಡ್ಡ ಬಾಯಾರು ಎರಡು ಸಲ ಓದಿ "ನೋಡೂಣು" ಅಂದ್ರಂತ. ಗುರುವಾರ ಚಿಲಕ ಬಡದಾರ. ಪಾಸಿಂದು ಸುದ್ದಿಲ್ಲ, ಗಂಟಿದೂ ಇಲ್ಲ, ನಿಯಮದ ಹಾಳಿ ನೋಟಿಸ್ ಬೋರ್ಡಿನ ಮ್ಯಾಲೆ ಹಂಗ ಐತಿ. ಗಣಿತದ ಸರ್ ಮಾತ್ರ ಮೊದಲಿನಂಗ ಮಾತಾಡ್ಸೂದಿಲ್ಲ ಅಂತಾಳ. ನಿನ್ನಿ ಸಂಜೀಕೆ ಬಾಟ್ಲಿ ಎತ್ತಿದ್ರ ಅರ್ಧ ಇತ್ತು. ಕುಡದ್ಲೋ, ನಾ ನೋಡ್ತೀನಿ ಅಂತ ದಾರ್ಯಾಗ ಚೆಲ್ಲಿದ್ಲೋ, ಕೇಳಾಕ ಧೈರ್ಯ ಆಗಲಿಲ್ಲ.